ವಾಲ್ವ್ ಆಪರೇಷನ್ ಆದವರ ಊಟ: ಸೊಪ್ಪಿನ ಲೆಕ್ಕ, ಮಾತ್ರೆಯ ಲೆಕ್ಕ

ಹೃದಯದ ಕೆಟ್ಟ ಕವಾಟವನ್ನು ತೆಗೆದು ಯಾಂತ್ರಿಕ ಕವಾಟ, ಅಂದರೆ ಜನರ ಮಾತಿನ ‘ಮೆಟಲ್ ವಾಲ್ವ್’, ಹಾಕಿಸಿಕೊಂಡವರು ಬದುಕಿರುವವರೆಗೂ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಮಾತ್ರೆ ತೆಗೆದುಕೊಳ್ಳಬೇಕು. ಭಾರತದಲ್ಲಿ ಇದಕ್ಕೆ ಬಳಕೆಯಲ್ಲಿರುವುದು ಮುಖ್ಯವಾಗಿ ಎರಡು ಔಷಧಗಳು: ಅಸಿನೋಕೌಮರಾಲ್ ಮತ್ತು ವಾರ್ಫರಿನ್. ಮೊದಲನೆಯದು ಅಸಿಟ್ರೋಮ್ ಎಂಬ ಬ್ರ್ಯಾಂಡ್ ಹೆಸರಿನಿಂದ ರೋಗಿಗಳಿಗೆ ಹೆಚ್ಚು ಪರಿಚಿತ. ಈ ಎರಡರ ಕೆಲಸವೂ ದಿನದ ಊಟದ ಮೇಲೆ ನಿಂತಿದೆ. ಸೊಪ್ಪು ಹೆಚ್ಚಾದರೆ ಮಾತ್ರೆಯ ಬಲ ಕುಂದುತ್ತದೆ, ಊಟ ಕಡಿಮೆಯಾದರೆ ಬಲ ಏರುತ್ತದೆ. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಹೇಳುವ ಸೂಚನೆಗಳಲ್ಲಿ ಹೆಚ್ಚು ತಪ್ಪಾಗಿ ಅರ್ಥವಾಗುವುದೂ ಇದೇ. ‘ಸೊಪ್ಪು ನೋಡಿಕೊಂಡು ತಿನ್ನಿ’ ಎಂದದ್ದು ಮನೆ ತಲುಪುವಷ್ಟರಲ್ಲಿ ‘ಸೊಪ್ಪು ಮುಟ್ಟಲೇಬೇಡಿ’ ಎಂದಾಗಿರುತ್ತದೆ.

ಮೊದಲು ಮಾತ್ರೆಯ ಹೆಸರು ತಿಳಿದಿರಬೇಕು

‘ರಕ್ತ ತೆಳು ಮಾಡುವ ಮಾತ್ರೆ’ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಗುಂಪಿನ ಔಷಧಗಳು ಚಾಲ್ತಿಯಲ್ಲಿವೆ. ಇವುಗಳಲ್ಲಿ ಯಾವುದೂ ರಕ್ತವನ್ನು ನಿಜವಾಗಿ ತೆಳುವಾಗಿಸುವುದಿಲ್ಲ. ಹೆಪ್ಪುಗಟ್ಟುವ ಕ್ರಿಯೆಯನ್ನು ನಿಧಾನಗೊಳಿಸುತ್ತವೆ, ಅಷ್ಟೆ.

ಬೈಪಾಸ್ ಆದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಸಾಮಾನ್ಯವಾಗಿ ಕೊಡುವುದು ಆಸ್ಪಿರಿನ್ ಮತ್ತು ಕ್ಲೊಪಿಡೋಗ್ರೆಲ್. ಇವು ರಕ್ತದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ತಡೆಯುತ್ತವೆ. ಎರಡನೆಯ ಗುಂಪು ಡಾಬಿಗಾಟ್ರಾನ್, ರಿವರೋಕ್ಸಬಾನ್, ಅಪಿಕ್ಸಬಾನ್ ಮುಂತಾದ ಹೊಸ ಔಷಧಗಳದ್ದು. ಹೃದಯಬಡಿತದ ಲಯ ತಪ್ಪಿದವರಿಗೆ, ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಂಡವರಿಗೆ ಇವನ್ನು ಬರೆದುಕೊಡುತ್ತಾರೆ. ಈ ಎರಡೂ ಗುಂಪಿನ ಮಾತ್ರೆಗಳಿಗೆ ಸೊಪ್ಪಿನ ಪಥ್ಯವಿಲ್ಲ. ರಿವರೋಕ್ಸಬಾನ್‌ನ 15 ಮತ್ತು 20 ಮಿಲಿಗ್ರಾಂ ಮಾತ್ರೆಯನ್ನು ಊಟದ ಜೊತೆಗೇ ನುಂಗಬೇಕೆಂಬುದು ಮಾತ್ರ ನೆನಪಿಡಬೇಕಾದ ನಿಯಮ.

ಮೂರನೆಯ ಗುಂಪು ವಾರ್ಫರಿನ್ ಮತ್ತು ಅಸಿನೋಕೌಮರಾಲ್‌ನದು. ಸೊಪ್ಪಿನ ಮಾತು ಅನ್ವಯಿಸುವುದು ಇವಕ್ಕೆ ಮಾತ್ರ. ಬೈಪಾಸ್ ಆಗಿ ಬರೀ ಆಸ್ಪಿರಿನ್ ನುಂಗುತ್ತಿರುವ ಎಷ್ಟೋ ಜನ, ಪಕ್ಕದ ಮನೆಯ ವಾಲ್ವ್ ರೋಗಿಯ ಪಥ್ಯ ಕೇಳಿ ಪಾಲಕ್, ಮೆಂತ್ಯ ಬಿಟ್ಟಿರುತ್ತಾರೆ. ಅದರಿಂದ ಅವರ ಹೃದಯಕ್ಕೆ ಲಾಭವಿಲ್ಲ, ನಷ್ಟವುಂಟು.

ಪಥ್ಯವಿಲ್ಲದ ಹೊಸ ಮಾತ್ರೆಗಳನ್ನೇ ಎಲ್ಲರಿಗೂ ಕೊಡಬಾರದೇಕೆ ಎಂಬ ಪ್ರಶ್ನೆ ಸಹಜ. ಯಾಂತ್ರಿಕ ಕವಾಟ ಇರುವವರ ಮೇಲೆ ಡಾಬಿಗಾಟ್ರಾನ್ ಪ್ರಯೋಗಿಸಿ ನೋಡಿದಾಗ ವಾರ್ಫರಿನ್‌ಗಿಂತ ಹೆಚ್ಚು ಮಂದಿಗೆ ಹೆಪ್ಪುಗಟ್ಟಿತು, ರಕ್ತಸ್ರಾವವೂ ಹೆಚ್ಚಾಯಿತು. ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು. ಅದರ ವರದಿ 2013ರಲ್ಲಿ ಪ್ರಕಟವಾಯಿತು. ಹೀಗಾಗಿ ಯಾಂತ್ರಿಕ ಕವಾಟಕ್ಕೆ ಇಂದಿಗೂ ಹಳೆಯ ಮಾತ್ರೆಯೇ ಗತಿ. ಪ್ರಾಣಿಜನ್ಯ ಅಂಗಾಂಶದ ಕವಾಟ ಹಾಕಿಸಿಕೊಂಡವರಿಗೆ ಈ ಮಾತ್ರೆ ಸಾಮಾನ್ಯವಾಗಿ ಮೊದಲ ಮೂರರಿಂದ ಆರು ತಿಂಗಳು ಮಾತ್ರ ಬೇಕಾಗುತ್ತದೆ.

ಕವಾಟ ಕೆಡುವುದು, ಬದಲಿಸುವುದು

ಶ್ರೀಮಂತ ದೇಶಗಳಲ್ಲಿ ಕವಾಟ ಬದಲಾವಣೆ ಹೆಚ್ಚಾಗಿ ಮುಪ್ಪಿನ ಕಾಯಿಲೆ. ಭಾರತದಲ್ಲಿ ಹಾಗಲ್ಲ. ಇಲ್ಲಿ ಕವಾಟ ಕೆಡಿಸುವ ದೊಡ್ಡ ಕಾರಣ ರುಮ್ಯಾಟಿಕ್ ಜ್ವರ. 5ರಿಂದ 15 ವರ್ಷದ ಮಕ್ಕಳಿಗೆ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬಂದು, ಸರಿಯಾದ ಚಿಕಿತ್ಸೆ ಸಿಗದಿದ್ದರೆ, ದೇಹದ ರೋಗನಿರೋಧಕ ವ್ಯವಸ್ಥೆ ಹೃದಯದ ಕವಾಟದ ಮೇಲೆಯೇ ತಿರುಗಿಬೀಳುತ್ತದೆ. ಹತ್ತಾರು ವರ್ಷಗಳಲ್ಲಿ ಕವಾಟ, ಅದರಲ್ಲೂ ಮೈಟ್ರಲ್ ಕವಾಟ, ದಪ್ಪಗಾಗಿ ಕಿರಿದಾಗುತ್ತದೆ ಇಲ್ಲವೇ ಸೋರುತ್ತದೆ. ಆದ್ದರಿಂದ ಇಲ್ಲಿ ವಾಲ್ವ್ ಆಪರೇಷನ್ ಆದವರಲ್ಲಿ ಇಪ್ಪತ್ತು, ಮೂವತ್ತರ ಹರೆಯದವರೂ ಇದ್ದಾರೆ. ಇವರು ಮುಂದಿನ ಮೂವತ್ತು ನಲವತ್ತು ವರ್ಷ ಈ ಮಾತ್ರೆಯ ಜೊತೆಗೇ ಉಣ್ಣಬೇಕು, ದುಡಿಯಬೇಕು.

ವಿದೇಶಿ ಕವಾಟ ಕೊಳ್ಳಲಾಗದವರಿಗಾಗಿ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ದೇಶೀಯ ಕವಾಟವೊಂದನ್ನು ರೂಪಿಸಿತು. 1990ರ ಡಿಸೆಂಬರ್‌ನಲ್ಲಿ ಅದನ್ನು ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅಳವಡಿಸಲಾಯಿತು. ಆ ಕೆಲಸದ ನೇತೃತ್ವ ವಹಿಸಿದ್ದ ಡಾ. ಎಂ.ಎಸ್. ವಲಿಯತ್ತಾನ್ ಮುಂದೆ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. ಕವಾಟ ಸ್ವದೇಶಿಯಾದರೂ ವಿದೇಶಿಯಾದರೂ ಮಾತ್ರೆಯ ಅಗತ್ಯ ಒಂದೇ. ದೇಹಕ್ಕೆ ಪರಕೀಯವಾದ ಮೇಲ್ಮೈಗೆ ರಕ್ತ ತಾಗಿದರೆ ಹೆಪ್ಪುಗಟ್ಟಲು ಹವಣಿಸುತ್ತದೆ. ಆ ಹೆಪ್ಪು ಕವಾಟವನ್ನೇ ಸಿಕ್ಕಿಹಾಕಿಸಬಹುದು, ಚೂರಾಗಿ ಮೆದುಳಿಗೆ ಹೋದರೆ ಲಕ್ವ ಹೊಡೆಯಬಹುದು.

ವಿಟಮಿನ್ ಕೆ ಮಾಡುವ ಕೆಲಸ

ಗಾಯವಾದಾಗ ರಕ್ತ ನಿಲ್ಲಲು ಯಕೃತ್ತು ತಯಾರಿಸುವ ಹಲವು ಪ್ರೊಟೀನುಗಳು ಬೇಕು. ಅವುಗಳಲ್ಲಿ 2, 7, 9 ಮತ್ತು 10 ಎಂಬ ಸಂಖ್ಯೆಗಳಿಂದ ಗುರುತಿಸುವ ನಾಲ್ಕು ಪ್ರೊಟೀನುಗಳು ವಿಟಮಿನ್ ಕೆ ಇಲ್ಲದೆ ಕೆಲಸಕ್ಕೆ ಬಾರವು. ಒಮ್ಮೆ ಬಳಕೆಯಾದ ವಿಟಮಿನ್ ಕೆಯನ್ನು ಯಕೃತ್ತು ಕಿಣ್ವವೊಂದರ ನೆರವಿನಿಂದ ಮತ್ತೆ ಬಳಕೆಗೆ ಸಿದ್ಧಗೊಳಿಸುತ್ತದೆ. ವಾರ್ಫರಿನ್ ಮತ್ತು ಅಸಿನೋಕೌಮರಾಲ್ ತಡೆಯುವುದು ಈ ಕಿಣ್ವವನ್ನೇ. ಊಟದಿಂದ ಹೊಸದಾಗಿ ವಿಟಮಿನ್ ಕೆ ಹೆಚ್ಚು ಬಂದರೆ ಯಕೃತ್ತು ಮರುಬಳಕೆಯ ಹಂಗಿಲ್ಲದೆ ಕೆಲಸ ಸಾಗಿಸುತ್ತದೆ, ಮಾತ್ರೆ ಸೋಲುತ್ತದೆ. ಏನೂ ಬಾರದಿದ್ದರೆ ಅದೇ ಮಾತ್ರೆ ಅತಿಯಾಗುತ್ತದೆ.

ಈ ತಿಳಿವಳಿಕೆ ಎರಡು ದಿಕ್ಕಿನಿಂದ ಬಂತು. ಡೆನ್ಮಾರ್ಕಿನ ಹೆನ್ರಿಕ್ ಡಾಮ್ 1929ರ ಹೊತ್ತಿಗೆ ಕೊಬ್ಬಿಲ್ಲದ ಆಹಾರ ತಿಂದ ಕೋಳಿಮರಿಗಳಲ್ಲಿ ರಕ್ತಸ್ರಾವವಾಗುವುದನ್ನು ಗಮನಿಸಿದರು. ಅದರ ಬೆನ್ನು ಹತ್ತಿ ಹೋದಾಗ ಸಿಕ್ಕಿದ್ದು ವಿಟಮಿನ್ ಕೆ. ಅಮೆರಿಕದ ಎಡ್ವರ್ಡ್ ಡಾಯ್ಸಿ ಅವರೊಂದಿಗೆ ಡಾಮ್ 1943ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಇನ್ನೊಂದು ಕಡೆ, 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಹುಲ್ಲು ಮೇಯ್ದ ದನಗಳು ರಕ್ತ ಸೋರಿ ಸಾಯುತ್ತಿದ್ದವು. 1933ರ ಫೆಬ್ರವರಿಯಲ್ಲಿ ವಿಸ್ಕಾನ್ಸಿನ್‌ನ ರೈತನೊಬ್ಬ ಹಿಮಗಾಳಿಯ ನಡುವೆ ಸತ್ತ ಕಡಸನ್ನೂ ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತವನ್ನೂ ಹೊತ್ತು ಮ್ಯಾಡಿಸನ್‌ನಲ್ಲಿದ್ದ ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಾಲಯಕ್ಕೆ ಬಂದ. ಲಿಂಕ್ ತಂಡ 1939ರಲ್ಲಿ ಆ ಹುಲ್ಲಿನಿಂದ ಡೈಕೌಮರಾಲ್ ಎಂಬ ರಾಸಾಯನಿಕವನ್ನು ಬೇರ್ಪಡಿಸಿತು. ಅದರ ಸಂಬಂಧಿಯಾದ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು, 1954ರಲ್ಲಿ ಮನುಷ್ಯರ ಔಷಧವಾಯಿತು. ಅದರ ವಿಷಪರಿಣಾಮಕ್ಕೆ ಮದ್ದು ಆಗಲೂ ಈಗಲೂ ವಿಟಮಿನ್ ಕೆ.

ಐಎನ್‌ಆರ್ ಹೇಳುವುದೇನು

ಮಾತ್ರೆ ಮತ್ತು ಊಟದ ಜಗ್ಗಾಟದಲ್ಲಿ ಯಾವ ಕಡೆ ವಾಲಿದೆ ಎಂದು ತಿಳಿಸುವುದು ಪಿಟಿ-ಐಎನ್‌ಆರ್ ರಕ್ತಪರೀಕ್ಷೆ. ಯಾವ ಊರಿನ ಲ್ಯಾಬಿನಲ್ಲಿ ಮಾಡಿಸಿದರೂ ಫಲಿತಾಂಶ ಹೋಲಿಸಲು ಬರುವಂತೆ ವಿಶ್ವ ಆರೋಗ್ಯ ಸಂಸ್ಥೆ 1980ರ ದಶಕದ ಆರಂಭದಲ್ಲಿ ಈ ಮಾನದಂಡವನ್ನು ಜಾರಿಗೆ ತಂದಿತು. ಮಾತ್ರೆ ತೆಗೆದುಕೊಳ್ಳದ ಆರೋಗ್ಯವಂತರಲ್ಲಿ ಐಎನ್‌ಆರ್ ಸುಮಾರು 1 ಇರುತ್ತದೆ. ಮಹಾಪಧಮನಿಯ ಕವಾಟ ಬದಲಿಸಿದವರಲ್ಲಿ ಸಾಮಾನ್ಯವಾಗಿ 2ರಿಂದ 3, ಮೈಟ್ರಲ್ ಕವಾಟ ಬದಲಿಸಿದವರಲ್ಲಿ 2.5ರಿಂದ 3.5ರ ನಡುವೆ ಇರಿಸಲು ನೋಡುತ್ತಾರೆ. ಕವಾಟದ ಮಾದರಿ, ಹೃದಯಬಡಿತದ ಲಯ ನೋಡಿ ವೈದ್ಯರು ಪ್ರತಿಯೊಬ್ಬರಿಗೂ ಗುರಿ ನಿಗದಿ ಮಾಡುತ್ತಾರೆ. ಅದಕ್ಕಿಂತ ಇಳಿದರೆ ಹೆಪ್ಪುಗಟ್ಟುವ ಭಯ, ಏರಿದರೆ ರಕ್ತಸ್ರಾವದ ಭಯ.

ಇವತ್ತು ತಿಂದದ್ದು ಇವತ್ತಿನ ಐಎನ್‌ಆರ್‌ನಲ್ಲಿ ಕಾಣುವುದಿಲ್ಲ. ರಕ್ತದಲ್ಲಿ ಈಗಾಗಲೇ ಇರುವ ಪ್ರೊಟೀನುಗಳು ಸವೆಯಲು ಸಮಯ ಬೇಕು. 7ನೆಯದರ ಪ್ರಮಾಣ ಆರು ಗಂಟೆಗೊಮ್ಮೆ ಅರ್ಧಕ್ಕಿಳಿದರೆ, 2ನೆಯದು ಅರ್ಧವಾಗಲು ಎರಡು ಮೂರು ದಿನ ಹಿಡಿಯುತ್ತದೆ. ಆದ್ದರಿಂದ ಭಾನುವಾರದ ಊಟದ ಪರಿಣಾಮ ಮಂಗಳವಾರ, ಬುಧವಾರದ ಪರೀಕ್ಷೆಯಲ್ಲಿ ತೋರುತ್ತದೆ. ಪರೀಕ್ಷೆಯ ಹಿಂದಿನ ದಿನ ಮಾತ್ರ ಪಥ್ಯ ಮಾಡುವುದು ವ್ಯರ್ಥ. ಅದರಿಂದ ವೈದ್ಯರಿಗೂ ತಪ್ಪು ಚಿತ್ರ ಸಿಗುತ್ತದೆ.

ಸೊಪ್ಪು ಪೂರ್ತಿ ಬಿಟ್ಟರೆ

ವಿಟಮಿನ್ ಕೆ ಮಾತ್ರೆಗೆ ಎದುರಾಳಿ ಎಂದ ಮೇಲೆ ಅದನ್ನು ದೂರವಿಟ್ಟರೆ ಕ್ಷೇಮ ಎನ್ನುವ ತರ್ಕ ಸರಿಯೆನಿಸಬಹುದು. ಅನುಭವ ಬೇರೆ ಹೇಳುತ್ತದೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಸಂಶೋಧಕರು 2005ರಲ್ಲಿ ವಾರ್ಫರಿನ್ ಸೇವಿಸುವವರ ಊಟವನ್ನು ಅಳೆದು ನೋಡಿದರು. ಐಎನ್‌ಆರ್ ಪದೇ ಪದೇ ಏರಿಳಿಯುತ್ತಿದ್ದವರು ದಿನಕ್ಕೆ ಸರಾಸರಿ 29 ಮೈಕ್ರೋಗ್ರಾಂ ವಿಟಮಿನ್ ಕೆ ತಿನ್ನುತ್ತಿದ್ದರು. ಸ್ಥಿರವಾಗಿದ್ದವರು 76 ಮೈಕ್ರೋಗ್ರಾಂ. ಅಂದರೆ ತೊಂದರೆಯಲ್ಲಿದ್ದವರು ಕಡಿಮೆ ತಿನ್ನುತ್ತಿದ್ದವರು. ಅದೇ ತಂಡ 2007ರಲ್ಲಿ, ಕಾರಣ ತಿಳಿಯದೆ ಐಎನ್‌ಆರ್ ಏರುಪೇರಾಗುತ್ತಿದ್ದ ರೋಗಿಗಳಿಗೆ ದಿನಕ್ಕೆ 150 ಮೈಕ್ರೋಗ್ರಾಂ ವಿಟಮಿನ್ ಕೆ ಕೊಟ್ಟಾಗ ಹಲವರಲ್ಲಿ ಸ್ಥಿರತೆ ಹೆಚ್ಚಿತು.

ಇದರ ಕಾರಣ ಸರಳ. ದೇಹದಲ್ಲಿ ವಿಟಮಿನ್ ಕೆಯ ಸಂಗ್ರಹ ಬಹಳ ಕಡಿಮೆ. ಸೊಪ್ಪನ್ನೇ ತಿನ್ನದವರಲ್ಲಿ ಅದು ತಳಮಟ್ಟಕ್ಕೆ ಇಳಿದಿರುತ್ತದೆ. ಆಗ ಮದುವೆಮನೆಯ ಒಂದು ಊಟವೂ ಐಎನ್‌ಆರ್ ಅನ್ನು ಎಳೆದುಹಾಕಬಲ್ಲದು. ದಿನವೂ ಒಂದಿಷ್ಟು ತಿನ್ನುವವರಲ್ಲಿ ಅದೇ ಊಟ ದೊಡ್ಡ ವ್ಯತ್ಯಾಸ ಮಾಡುವುದಿಲ್ಲ. ಹಾಗೆಂದು ವಿಟಮಿನ್ ಕೆ ಮಾತ್ರೆಯನ್ನು ತಾವೇ ಕೊಂಡು ನುಂಗಬಾರದು. ಎಲ್ಲರಿಗೂ ಅದನ್ನು ಕೊಡಬೇಕೆಂದು ಚಿಕಿತ್ಸಾ ಮಾರ್ಗಸೂಚಿಗಳೂ ಹೇಳುವುದಿಲ್ಲ. ಸೊಪ್ಪಿನಿಂದ ಸಿಗುವ ಫೋಲೇಟ್, ಕಬ್ಬಿಣ, ನಾರು, ಪೊಟ್ಯಾಸಿಯಂ ಹೃದಯಕ್ಕೆ ಬೇಕಾದವೇ. ಆದ್ದರಿಂದ ನಿಯಮ ಇಷ್ಟು: ವಾರದಿಂದ ವಾರಕ್ಕೆ ಸೊಪ್ಪಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ಇರಲಿ. ಆ ಊಟಕ್ಕೆ ತಕ್ಕಂತೆ ವೈದ್ಯರು ಮಾತ್ರೆಯ ಪ್ರಮಾಣ ಹೊಂದಿಸುತ್ತಾರೆ.

ಅಡುಗೆಮನೆಯ ಲೆಕ್ಕ

ಅಮೆರಿಕದ ಮಾರ್ಗಸೂಚಿ ವಯಸ್ಕ ಗಂಡಸರಿಗೆ ದಿನಕ್ಕೆ 120, ಹೆಂಗಸರಿಗೆ 90 ಮೈಕ್ರೋಗ್ರಾಂ ವಿಟಮಿನ್ ಕೆ ಸಾಕೆನ್ನುತ್ತದೆ. ಅಲ್ಲಿನ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಪಾಲಕ್‌ನಲ್ಲಿ ಸುಮಾರು 480 ಮೈಕ್ರೋಗ್ರಾಂ ಇದೆ. ಹರಿವೆ ಜಾತಿಯ ಸೊಪ್ಪಿನಲ್ಲಿ ಸಾವಿರಕ್ಕೂ ಮೇಲೆ. ಕೊತ್ತಂಬರಿ ಸೊಪ್ಪಿನಲ್ಲಿ 300ರ ಆಸುಪಾಸು, ಎಲೆಕೋಸಿನಲ್ಲಿ ಸುಮಾರು 75. ನುಗ್ಗೆ, ಮೆಂತ್ಯ, ದಂಟು, ಬಸಳೆ, ಸಬ್ಬಸಿಗೆ, ಪುದೀನ ಇವನ್ನೂ ಹೆಚ್ಚಿರುವ ಸಾಲಿಗೇ ಸೇರಿಸಿ ಲೆಕ್ಕ ಹಾಕುವುದು ಸರಿ. ಎಲೆ ಕಡು ಹಸಿರಾದಷ್ಟೂ ವಿಟಮಿನ್ ಕೆ ಹೆಚ್ಚು.

ಇನ್ನುಳಿದ ಅಡುಗೆ ಸಾಮಗ್ರಿಗೆ ಹೆದರಬೇಕಿಲ್ಲ. ಅಕ್ಕಿ, ರಾಗಿ, ಜೋಳ, ಗೋಧಿ, ಬೇಳೆಗಳು, ಹಾಲು, ಮೊಸರು, ಮೊಟ್ಟೆ, ಮೀನು, ಕೋಳಿ ಇವುಗಳಲ್ಲಿ ವಿಟಮಿನ್ ಕೆ ಅಲ್ಪ. ಆಲೂಗಡ್ಡೆ, ಈರುಳ್ಳಿ, ಟೊಮೆಟೊ, ಕ್ಯಾರೆಟ್, ಬೀಟ್‌ರೂಟ್, ಸೋರೆ, ಕುಂಬಳ, ಬದನೆ, ಮೂಲಂಗಿ ಗಡ್ಡೆ ಇವುಗಳಲ್ಲೂ ಅಷ್ಟೇ. ಬಾಳೆ, ಪಪ್ಪಾಯಿ, ಸೀಬೆ, ಕಿತ್ತಳೆ, ಸೇಬು ನಿಶ್ಚಿಂತೆಯಿಂದ ತಿನ್ನಬಹುದು. ಎಣ್ಣೆಗಳ ಪೈಕಿ ಕಡಲೆಕಾಯಿ, ಸೂರ್ಯಕಾಂತಿ, ಕೊಬ್ಬರಿ ಎಣ್ಣೆಗಳಲ್ಲಿ ತೀರ ಕಡಿಮೆ. ಸೋಯಾ ಎಣ್ಣೆಯಲ್ಲಿ ಮಾತ್ರ 100 ಗ್ರಾಂಗೆ 180 ಮೈಕ್ರೋಗ್ರಾಂನಷ್ಟಿದೆ. ಎಣ್ಣೆ ಬದಲಿಸುವಾಗ ಇದು ಗಮನದಲ್ಲಿರಬೇಕು.

ಬೇಯಿಸಿದರೆ ವಿಟಮಿನ್ ಕೆ ನಾಶವಾಗುವುದಿಲ್ಲ. ಅದು ಕೊಬ್ಬಿನಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ಇದರ ಪರಿಣಾಮವನ್ನು ಹಳೇ ಮೈಸೂರಿನ ಎರಡು ಅಡುಗೆಗಳಲ್ಲಿ ನೋಡಬಹುದು. ಬಸ್ಸಾರಿಗೆ ಸೊಪ್ಪು, ಕಾಳು ಬೇಯಿಸಿ ನೀರು ಬಸಿಯುತ್ತಾರೆ. ಬಸಿದ ಕಟ್ಟಿನಿಂದ ಸಾರು, ಉಳಿದ ಸೊಪ್ಪು ಕಾಳಿನಿಂದ ಪಲ್ಯ. ವಿಟಮಿನ್ ಕೆ ಬಹುಪಾಲು ಉಳಿಯುವುದು ಪಲ್ಯದಲ್ಲಿ. ಖಾರಕ್ಕೆ ಬೆಂದ ಸೊಪ್ಪು ಸೇರಿಸಿ ರುಬ್ಬದಿದ್ದರೆ ಸಾರಿನಲ್ಲಿ ಇರುವುದು ಕಡಿಮೆ. ಮಸ್ಸೊಪ್ಪಿನಲ್ಲಿ ಹಾಗಲ್ಲ. ಸೊಪ್ಪನ್ನೆಲ್ಲ ಬೇಳೆಯೊಂದಿಗೆ ಮಸೆದಿರುವುದರಿಂದ ಸೌಟು ಸಾರಿನಲ್ಲೂ ಸೊಪ್ಪು ತುಂಬಿರುತ್ತದೆ. ಮುದ್ದೆಯ ಜೊತೆ ಬಸ್ಸಾರನ್ನು ಹೊಟ್ಟೆತುಂಬ ಉಂಡವರು ಒಂದು ಹಿಡಿ ಪಲ್ಯ ತಿಂದಿರಬಹುದು. ಮಸ್ಸೊಪ್ಪು ಅಷ್ಟೇ ಉಂಡವರು ಅರ್ಧ ಕಟ್ಟು ಸೊಪ್ಪನ್ನೇ ತಿಂದಿರುತ್ತಾರೆ. ಊಟ ಬರೆದಿಡುವಾಗ ‘ಸೊಪ್ಪಿನ ಸಾರು’ ಎಂದಷ್ಟೇ ಬರೆದರೆ ಸಾಲದು ಎನ್ನುವುದು ಇದಕ್ಕೇ.

ಒಗ್ಗರಣೆಯ ಕರಿಬೇವು, ಸಾರಿನ ಮೇಲೆ ಉದುರಿಸಿದ ನಾಲ್ಕು ಎಸಳು ಕೊತ್ತಂಬರಿ ಲೆಕ್ಕಕ್ಕೆ ಬರುವಂಥದ್ದಲ್ಲ. 5 ಗ್ರಾಂ ಕೊತ್ತಂಬರಿಯಿಂದ ಸಿಗುವುದು 15 ಮೈಕ್ರೋಗ್ರಾಂ. ಅದೇ 50 ಗ್ರಾಂ ಕೊತ್ತಂಬರಿ ರುಬ್ಬಿದ ಹಸಿರು ಚಟ್ನಿಯಲ್ಲಿ 150 ಮೈಕ್ರೋಗ್ರಾಂ. ಅದನ್ನು ಮನೆಮಂದಿ ಹಂಚಿಕೊಂಡರೆ ಚಿಂತೆಯಿಲ್ಲ, ಒಬ್ಬರೇ ಮುಗಿಸಿದರೆ ಸೊಪ್ಪಿನ ಊಟವೆಂದೇ ಎಣಿಸಬೇಕು.

ಉತ್ತರ ಕರ್ನಾಟಕದಲ್ಲಿ ರೊಟ್ಟಿಯ ಜೊತೆ ಹಸಿ ಮೆಂತ್ಯ, ಹಕ್ಕರಕಿ, ಮೂಲಂಗಿ ಸೊಪ್ಪು ಕಚ್ಚಿ ತಿನ್ನುವುದು ವಾಡಿಕೆ. ಕರಾವಳಿಯಲ್ಲಿ ಬಸಳೆ, ನುಗ್ಗೆ. ಮಲೆನಾಡಿನಲ್ಲಿ ಒಂದೆಲಗ ಮೊದಲಾದ ಎಲೆಗಳ ತಂಬುಳಿ. ಇವುಗಳಲ್ಲಿ ಯಾವುದನ್ನೂ ನಿಷೇಧಿಸಬೇಕಿಲ್ಲ. ವಾರಕ್ಕೆ ಮೂರು ದಿನ, ದಿನಕ್ಕೆ ಬೇಯಿಸಿದ ಸೊಪ್ಪು ಅರ್ಧ ಬಟ್ಟಲು ಎಂದೋ, ದಿನವೂ ಎರಡು ಚಮಚ ಎಂದೋ ಮನೆಗೊಂದು ಕ್ರಮ ಮಾಡಿಕೊಂಡು, ಅದನ್ನು ವೈದ್ಯರಿಗೆ ತಿಳಿಸಿ ಪಾಲಿಸಿದರೆ ಸಾಕು.

ಋತು, ಹಬ್ಬ, ಉಪವಾಸ

ಊಟ ವರ್ಷವಿಡೀ ಒಂದೇ ರೀತಿ ಇರುವುದಿಲ್ಲ. ಮಳೆಗಾಲದಲ್ಲಿ ಸೊಪ್ಪು ಹುಲುಸು. ಆಟಿ ತಿಂಗಳಲ್ಲಿ ತುಳುನಾಡಿನ ಮನೆಗಳಲ್ಲಿ ಕೆಸುವಿನ ಎಲೆಯ ಪತ್ರೊಡೆ, ತಗಟೆ ಸೊಪ್ಪಿನ ಅಡುಗೆ ಮತ್ತೆ ಮತ್ತೆ ಆಗುತ್ತವೆ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರು, ಕೋಲಾರದ ಕಡೆ ಅವರೆಕಾಯಿ ಸಾರು, ಹಿತಕವರೆ ಸೊಪ್ಪಿನ ಜಾಗವನ್ನು ವಾರಗಟ್ಟಲೆ ಆಕ್ರಮಿಸುತ್ತವೆ. ಮೊದಲ ಸಂದರ್ಭದಲ್ಲಿ ಐಎನ್‌ಆರ್ ಇಳಿಯಬಹುದು, ಎರಡನೆಯದರಲ್ಲಿ ಏರಬಹುದು. ಮಾವಿನ ಕಾಲಕ್ಕೂ ಒಂದು ಎಚ್ಚರಿಕೆ ಇದೆ. ದಿನಕ್ಕೆ ಒಂದರಿಂದ ಆರು ಮಾವಿನಹಣ್ಣು ತಿನ್ನುತ್ತಿದ್ದ 13 ವಾರ್ಫರಿನ್ ರೋಗಿಗಳಲ್ಲಿ ಐಎನ್‌ಆರ್ ಸರಾಸರಿ ಶೇ 38ರಷ್ಟು ಏರಿದ್ದನ್ನು ಅಮೆರಿಕದ ವೈದ್ಯರು ದಾಖಲಿಸಿದ್ದಾರೆ. ಊಟದ ನಂತರ ಒಂದೆರಡು ಹೋಳು ಬೇರೆ, ಬುಟ್ಟಿಗಟ್ಟಲೆ ರಸಾಯನ ಬೇರೆ.

ಬಾಣಂತಿಗೆ ದಿನವೂ ಸಬ್ಬಸಿಗೆ ಸೊಪ್ಪು ಕೊಡುವ ಪದ್ಧತಿ ಹಲವು ಮನೆಗಳಲ್ಲಿದೆ. ಕವಾಟ ಬದಲಿಸಿದ ಬಾಣಂತಿಯ ವಿಷಯದಲ್ಲಿ ಅದು ಐಎನ್‌ಆರ್ ಇಳಿಸಬಲ್ಲ ದೊಡ್ಡ ಬದಲಾವಣೆ. ಈ ಮಾತ್ರೆಗಳು ಗರ್ಭದ ಮಗುವಿಗೆ, ಅದರಲ್ಲೂ 6ರಿಂದ 12ನೇ ವಾರದೊಳಗೆ, ಹಾನಿ ಮಾಡಬಲ್ಲವು. ಆದ್ದರಿಂದ ಗರ್ಭ ಧರಿಸುವ ಯೋಚನೆ ಇದ್ದವರು ಮೊದಲೇ ಹೃದ್ರೋಗ ತಜ್ಞರನ್ನು ಕಾಣಬೇಕು. ಗರ್ಭಿಣಿಯೆಂದು ತಿಳಿದ ತಕ್ಷಣ ತಾವಾಗಿ ಮಾತ್ರೆ ನಿಲ್ಲಿಸುವುದೂ ಅಪಾಯ.

ಏಕಾದಶಿ, ನವರಾತ್ರಿ, ರಂಜಾನ್ ಉಪವಾಸಗಳಲ್ಲಿ ಊಟ ತಗ್ಗುತ್ತದೆ, ಮಾತ್ರೆಯ ಹೊತ್ತು ಬದಲಾಗುತ್ತದೆ. ಒಂದು ಹೊತ್ತು ಬಿಟ್ಟರೆ ಏನೂ ಆಗದು; ದಿನಗಟ್ಟಲೆ ಅರೆಹೊಟ್ಟೆಯಲ್ಲಿದ್ದರೆ ಐಎನ್‌ಆರ್ ಏರುತ್ತದೆ. ವಾಂತಿ, ಭೇದಿ, ಜ್ವರ ಬಂದು ಊಟ ಸೇರದಿದ್ದಾಗಲೂ ಹಾಗೆಯೇ. ಆಪರೇಷನ್ ಆದ ಮೊದಲ ವಾರಗಳಲ್ಲಿ ಐಎನ್‌ಆರ್ ಏರಿಳಿಯಲು ಇದೂ ಒಂದು ಕಾರಣ. ಬಾಯಿರುಚಿ ಕೆಟ್ಟು ಗಂಜಿ ಕುಡಿಯುತ್ತಿದ್ದಾಗ ಹೊಂದಿಸಿದ ಮಾತ್ರೆ, ಹಸಿವು ಮರಳಿ ಮನೆಯೂಟ ಶುರುವಾದಾಗ ಸಾಲದೆ ಹೋಗುತ್ತದೆ.

ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗಿ ಆರು ತಿಂಗಳು ಉಳಿಯುವ ಹಿರಿಯರಿಗೂ ಇದು ಅನ್ವಯ. ಅಲ್ಲಿ ಸಲಾಡ್, ಬ್ರಾಕಲಿ, ಕೇಲ್ ಸೊಪ್ಪು ತಟ್ಟೆಗೆ ಬರುತ್ತವೆ. ಅಸಿನೋಕೌಮರಾಲ್ ಅಮೆರಿಕದ ಔಷಧದಂಗಡಿಗಳಲ್ಲಿ ಸಿಗುವುದಿಲ್ಲ. ಅಲ್ಲಿ ಸಿಗುವುದು ವಾರ್ಫರಿನ್. ಇವೆರಡರ ಮಿಲಿಗ್ರಾಂ ಲೆಕ್ಕ ಒಂದಲ್ಲ. ಪ್ರವಾಸದ ಅವಧಿಗೆ ಬೇಕಾದಷ್ಟು ಮಾತ್ರೆಯನ್ನು ಚೀಟಿಯ ಸಮೇತ ಕೈಚೀಲದಲ್ಲೇ ಒಯ್ಯಬೇಕು.

ಹೃದಯಕ್ಕೆ ಬೇಕಾದ ಉಳಿದ ಊಟ

ಸೊಪ್ಪಿನ ಚಿಂತೆಯಲ್ಲಿ ಉಪ್ಪು ಮರೆತುಹೋಗುವುದುಂಟು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಒಣಮೀನು, ಬೇಕರಿ ತಿಂಡಿ ಈ ಮಿತಿಯನ್ನು ಬೇಗ ದಾಟಿಸುತ್ತವೆ. ಹೃದಯದ ಬಲ ಕುಗ್ಗಿದವರಲ್ಲಿ ಉಪ್ಪು ಹೆಚ್ಚಾದರೆ ಕಾಲು ಊದುತ್ತದೆ, ಏದುಸಿರು ಬರುತ್ತದೆ. ‘ಲೋ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರು, ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು.

ಎದೆಯ ಮೂಳೆ ಕೂಡಲು ಎರಡರಿಂದ ಮೂರು ತಿಂಗಳು ಬೇಕು. ಈ ಅವಧಿಯಲ್ಲಿ ಪ್ರೊಟೀನ್ ಚೆನ್ನಾಗಿ ಸಿಗಬೇಕು. ಮೊಳಕೆಕಾಳು, ಬೇಳೆ, ಮೊಸರು, ಮೊಟ್ಟೆ, ಮೀನು, ಚರ್ಮ ತೆಗೆದ ಕೋಳಿ ಇವೆಲ್ಲ ಒಳ್ಳೆಯವು; ಇವು ಐಎನ್‌ಆರ್ ಕದಡುವುದೂ ಇಲ್ಲ. ಆಪರೇಷನ್‌ನಲ್ಲಿ ರಕ್ತ ಹೋಗಿ ರಕ್ತಹೀನತೆಯಾಗಿದ್ದರೆ ರಾಗಿ, ಕಾಳು, ಮೊಟ್ಟೆ, ಮಾಂಸ ಮತ್ತು ಕ್ರಮದ ಸೊಪ್ಪು ನೆರವಾಗುತ್ತವೆ. ಜೊತೆಗೆ ನಿಂಬೆ ಅಥವಾ ನೆಲ್ಲಿಕಾಯಿ ಇದ್ದರೆ ಸಸ್ಯಾಹಾರದ ಕಬ್ಬಿಣ ಮೈಗೆ ಹತ್ತುತ್ತದೆ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಹತ್ತುವುದಿಲ್ಲ. ಮಲಬದ್ಧತೆಯಾಗದಂತೆ ನಾರಿನ ಹಣ್ಣು, ತರಕಾರಿ ಬೇಕು. ನೀರು ಎಷ್ಟು ಕುಡಿಯಬೇಕೆಂಬುದನ್ನು ಮಾತ್ರ ವೈದ್ಯರ ಮಾತಿನಂತೆ ನಡೆಸಬೇಕು.

ಸಿಹಿಯನ್ನು ಕಡಿಮೆ ಮಾಡಲು ಇಲ್ಲಿ ಇನ್ನೊಂದು ಕಾರಣವಿದೆ. ಹಲ್ಲು ಹುಳುಕಾದರೆ ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಕೃತಕ ಕವಾಟಕ್ಕೆ ಸೋಂಕು ತಗಲಿಸಬಹುದು. ಮೃದು ಬ್ರಷ್ ಬಳಸಬೇಕು, ಹಲ್ಲು ಕೀಳಿಸುವ ಮೊದಲು ವಾಲ್ವ್ ಇರುವ ವಿಷಯ ದಂತವೈದ್ಯರಿಗೆ ಹೇಳಲೇಬೇಕು.

ಮನೆಮದ್ದು, ಪುಡಿ, ಅಂಗಡಿಯ ಮಾತ್ರೆ

ಸೊಪ್ಪಿಗಿಂತ ಹೆಚ್ಚು ಅನಾಹುತ ಮಾಡುವುದು ಊಟದ ಹೊರಗಿನ ಸಂಗತಿಗಳು. ಸಾರಿನ ಅರಿಶಿನ, ಒಗ್ಗರಣೆಯ ಬೆಳ್ಳುಳ್ಳಿ, ಚಹಾದ ಶುಂಠಿ ತೊಂದರೆ ಕೊಡುವ ಪ್ರಮಾಣದವಲ್ಲ. ಅದೇ ಅರಿಶಿನದ ಸಾರ, ಬೆಳ್ಳುಳ್ಳಿ, ಗಿಂಕೋ, ಮೀನೆಣ್ಣೆಗಳ ಕ್ಯಾಪ್ಸೂಲ್ ರಕ್ತಸ್ರಾವದ ಅಪಾಯ ಹೆಚ್ಚಿಸಬಹುದು. ನುಗ್ಗೆ ಸೊಪ್ಪಿನ ಪುಡಿ, ಗೋಧಿ ಹುಲ್ಲಿನ ರಸ, ವಿಟಮಿನ್ ಕೆ ಸೇರಿಸಿದ ಮಲ್ಟಿವಿಟಮಿನ್ ಮತ್ತು ಪೌಷ್ಟಿಕ ಪೇಯಗಳು ವಿರುದ್ಧ ದಿಕ್ಕಿನಲ್ಲಿ ಎಳೆಯುತ್ತವೆ. ಡಬ್ಬಿಯ ಮೇಲಿನ ವಿವರ ಓದದೆ ಯಾವುದನ್ನೂ ಶುರು ಮಾಡಬಾರದು. ಏನೇನು ಬೆರೆತಿದೆಯೆಂದು ಗೊತ್ತಿಲ್ಲದ ಕಷಾಯ, ಲೇಹ್ಯಗಳಿಂದ ದೂರವಿರುವುದೇ ಕ್ಷೇಮ.

ಮೈಕೈ ನೋವಿಗೆ ಔಷಧದಂಗಡಿಯಲ್ಲಿ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಿಸಬಲ್ಲವು. ನೋವಿಗೆ ಪ್ಯಾರಾಸಿಟಮಾಲ್ ವಾಸಿ, ಅದೂ ಕಡಿಮೆ ಪ್ರಮಾಣದಲ್ಲಿ, ಒಂದೆರಡು ದಿನಕ್ಕೆ; ದಿನಗಟ್ಟಲೆ ಹೆಚ್ಚು ತೆಗೆದುಕೊಂಡರೆ ಐಎನ್‌ಆರ್ ಏರುತ್ತದೆ. ಮೆಟ್ರೊನಿಡಜೋಲ್, ಕೋ-ಟ್ರೈಮಾಕ್ಸಜೋಲ್, ಸಿಪ್ರೊಫ್ಲಾಕ್ಸಾಸಿನ್ ಮುಂತಾದ ಆ್ಯಂಟಿಬಯಾಟಿಕ್‌ಗಳು ಐಎನ್‌ಆರ್ ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇಳಿಸುತ್ತದೆ. ಹೊಸ ಮಾತ್ರೆ ಶುರುವಾದಾಗ ಕೆಲವೇ ದಿನಗಳಲ್ಲಿ ಐಎನ್‌ಆರ್ ಮಾಡಿಸಬೇಕು. ಮಾಂಸಖಂಡಕ್ಕೆ ಚುಚ್ಚುವ ಇಂಜೆಕ್ಷನ್ ಬೇಡವೆನ್ನಬೇಕು. ಒಮ್ಮೆಲೇ ಹೆಚ್ಚು ಮದ್ಯ ಕುಡಿದರೂ ಐಎನ್‌ಆರ್ ಏರುತ್ತದೆ.

ಡೆಂಗಿ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿಯುತ್ತವೆ. ಈ ಮಾತ್ರೆಯ ಮೇಲಿರುವವರಿಗೆ ಅದು ಇಮ್ಮಡಿ ಅಪಾಯ. ಪಪ್ಪಾಯಿ ಎಲೆಯ ರಸ ಕುಡಿದು ಮನೆಯಲ್ಲಿ ಕಾಯದೆ ಮೊದಲ ದಿನವೇ ಆಸ್ಪತ್ರೆಗೆ ಹೋಗಬೇಕು.

ಎಚ್ಚರಿಕೆಯ ಲಕ್ಷಣಗಳು

ಹತ್ತು ನಿಮಿಷ ಒತ್ತಿಹಿಡಿದರೂ ನಿಲ್ಲದ ಮೂಗಿನ ರಕ್ತ, ಒಸಡಿನ ರಕ್ತ, ಕಾರಣವಿಲ್ಲದ ಕಂದುಗಟ್ಟುವಿಕೆ, ಕೆಂಪು ಮೂತ್ರ, ಡಾಂಬರಿನಂಥ ಕಪ್ಪು ಮಲ, ಅತಿಯಾದ ಮುಟ್ಟಿನ ಸ್ರಾವ ಇವು ಮಾತ್ರೆ ಅತಿಯಾದ ಸೂಚನೆಗಳು. ಬೀಟ್‌ರೂಟ್ ತಿಂದರೆ ಮೂತ್ರ ಕೆಂಪಾಗಬಹುದು, ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗಬಹುದು. ಆದರೂ ಸಂಶಯವಿದ್ದರೆ ಪರೀಕ್ಷೆ ಮಾಡಿಸುವುದೇ ಸರಿ. ತಲೆಗೆ ಪೆಟ್ಟಾದರೆ ರಕ್ತ ಕಾಣದಿದ್ದರೂ ಆಸ್ಪತ್ರೆಗೆ ಹೋಗಬೇಕು. ಮುಖ ಸೊಟ್ಟಗಾಗುವುದು, ಮಾತು ತೊದಲುವುದು, ಕೈಕಾಲು ಸೋಲುವುದು, ಹಠಾತ್ ಉಸಿರಾಟದ ತೊಂದರೆ, ದಿನವೂ ಕೇಳುತ್ತಿದ್ದ ವಾಲ್ವಿನ ಟಿಕ್ ಟಿಕ್ ಸದ್ದು ಮಂಕಾಗುವುದು ಇವು ಹೆಪ್ಪುಗಟ್ಟಿದ ಸೂಚನೆಗಳು. ಇಲ್ಲಿ ಒಂದು ಗಂಟೆ ತಡವೂ ದುಬಾರಿ.

ಮಾತ್ರೆಯನ್ನು ದಿನವೂ ಒಂದೇ ಹೊತ್ತಿಗೆ, ಸಾಮಾನ್ಯವಾಗಿ ಸಂಜೆ, ತೆಗೆದುಕೊಳ್ಳಬೇಕು. ಮರೆತರೆ ಮರುದಿನ ಎರಡು ನುಂಗಬಾರದು. ಅಸಿನೋಕೌಮರಾಲ್ ವಾರ್ಫರಿನ್‌ಗಿಂತ ಬೇಗ ದೇಹದಿಂದ ಹೊರಹೋಗುವುದರಿಂದ ಅದನ್ನು ಮರೆತ ಪರಿಣಾಮವೂ ಬೇಗ ಕಾಣುತ್ತದೆ. ಐಎನ್‌ಆರ್ ಇಳಿದಿದೆಯೆಂದು ಸೊಪ್ಪು ಬಿಡುವುದು, ಏರಿದೆಯೆಂದು ಸೊಪ್ಪು ತಿಂದು ಸರಿಮಾಡಲು ಹೊರಡುವುದು ಎರಡೂ ತಪ್ಪು. ಬದಲಿಸಬೇಕಾದದ್ದು ಮಾತ್ರೆಯ ಪ್ರಮಾಣ, ಅದನ್ನು ಬದಲಿಸಬೇಕಾದವರು ವೈದ್ಯರು. ಐಎನ್‌ಆರ್ ಪುಸ್ತಕದಲ್ಲಿ ದಿನಾಂಕ, ಫಲಿತಾಂಶ, ಮಾತ್ರೆಯ ಪ್ರಮಾಣಗಳ ಪಕ್ಕದಲ್ಲಿ ಇನ್ನೊಂದು ಸಾಲು ಎಳೆದು, ಆ ವಾರ ಎಷ್ಟು ದಿನ ಸೊಪ್ಪು ತಿಂದದ್ದು, ಜ್ವರ ಬಂದಿತ್ತೇ, ಬೇರೆ ಯಾವ ಮಾತ್ರೆ ನುಂಗಿದ್ದು ಎಂದು ಬರೆದಿಟ್ಟುಕೊಂಡು ಪ್ರತಿ ಭೇಟಿಯಲ್ಲೂ ವೈದ್ಯರಿಗೆ ತೋರಿಸಬೇಕು.